ಮುದ್ರೆ ನಿಜ, ಒಕ್ಕಣೆ ಸುಳ್ಳು

ಬೀದರಿನ ಮದರಸವನ್ನು ನೋಡದವರು ನಮ್ಮ ಜಿಲ್ಲೆಯಲ್ಲಿ ವಿರಳ. ೧೪೭೨ರಲ್ಲಿ ಅದನ್ನು ಕಟ್ಟಿಸಿದ ಮಹಮೂದ್ ಗಾವಾನನು ಬಹಮನಿ ರಾಜ್ಯದ ಪ್ರಧಾನಮಂತ್ರಿ. ಪತ್ರಲೇಖನದಲ್ಲಿ ಮಹಾ ಪ್ರವೀಣ. ಅವನ ಪಾರಸಿ ಪತ್ರಗಳ ಸಂಗ್ರಹವಾದ ‘ರಿಯಾಜುಲ್ ಇನ್ಶಾ’ ಇಂದಿಗೂ ಉಳಿದುಬಂದಿದೆ. ಇಂಥವನ ಪ್ರಾಣ ತೆಗೆದದ್ದು ಒಂದು ಕಳ್ಳ ಕಾಗದ. ಅವನನ್ನು ಕಂಡರಾಗದವರು ಮುದ್ರೆ ಕಾಯುವ ಸೇವಕನನ್ನು ಒಲಿಸಿಕೊಂಡು ಬರಿಯ ಹಾಳೆಗೆ ಮುದ್ರೆ ಒತ್ತಿಸಿಕೊಂಡರು. ಒರಿಸ್ಸಾದ ಅರಸನನ್ನು ದಂಡೆತ್ತಿ ಬರುವಂತೆ ಕರೆಯುವ ಒಕ್ಕಣೆಯನ್ನು ಅದರಲ್ಲಿ ಬರೆದು ಸುಲ್ತಾನನ ಮುಂದೆ ಇಟ್ಟರು. ಮುದ್ರೆ ತನ್ನದು, ಬರಹ ತನ್ನದಲ್ಲವೆಂದು ವೃದ್ಧ ಮಂತ್ರಿ ಹೇಳಿದರೂ ಸುಲ್ತಾನ ಮೂರನೆಯ ಮಹಮ್ಮದನು ವಿಚಾರಣೆಗೆ ಕಾಯಲಿಲ್ಲ. ೧೪೮೧ರ ಏಪ್ರಿಲ್ ೫ರಂದು ಗಾವಾನನ ವಧೆಯಾಯಿತು. ನಿಜ ತಿಳಿದ ಮೇಲೆ ಸುಲ್ತಾನನು ಪರಿತಪಿಸಿದನೆಂದೂ, ವರ್ಷ ತುಂಬುವುದರೊಳಗೆ ತಾನೂ ತೀರಿಕೊಂಡನೆಂದೂ ಇತಿಹಾಸ ಹೇಳುತ್ತದೆ.

ಐದು ಶತಮಾನಗಳ ಹಿಂದಿನ ಈ ಸಂಗತಿಯನ್ನು ಇಲ್ಲಿ ಎತ್ತಿದುದಕ್ಕೆ ಕಾರಣವುಂಟು. ಇಂದು ಮನೆಮನೆಯ ಕೈಫೋನಿಗೆ ಪ್ರೀತಿಯ ಹೆಸರಿನಲ್ಲಿ ಬಂದು ಹಣವನ್ನೂ ಮಾನವನ್ನೂ ದೋಚುತ್ತಿರುವ ವಂಚನೆಯ ಮರ್ಮವೂ ಇದೇ: ಮುದ್ರೆ ನಿಜ, ಒಕ್ಕಣೆ ಸುಳ್ಳು. ಫೋಟೋ ನಿಜವಾದ ಯಾವನೋ ಒಬ್ಬ ಸೈನಿಕನದು. ಗುರುತಿನ ಚೀಟಿ ನಿಜವಾದ ಒಬ್ಬ ವೈದ್ಯನದು. ಆದರೆ ಅದರ ಹಿಂದೆ ಕುಳಿತು ಮಾತಾಡುವವನೇ ಬೇರೆ. ಮುದ್ರೆಯನ್ನು ನೋಡಿ ಒಕ್ಕಣೆಯನ್ನು ನಂಬಿದ ಸುಲ್ತಾನನ ತಪ್ಪನ್ನು ನಾವು ಮಾಡದಿರುವುದು ಹೇಗೆ ಎಂಬುದೇ ಈ ಲೇಖನದ ವಿಷಯ.

ಮೊದಲು ಈ ವಂಚನೆ ನಡೆಯುವ ಕ್ರಮವನ್ನು ತಿಳಿಯೋಣ. ಭಾಲ್ಕಿಯಲ್ಲಿ ನಿವೃತ್ತರಾಗಿ ಒಬ್ಬಂಟಿಯಾಗಿರುವ ಒಬ್ಬ ತಾಯಿ ಇದ್ದಾರೆ ಎಂದಿಟ್ಟುಕೊಳ್ಳಿ. ಮಕ್ಕಳು ಪುಣೆಯಲ್ಲೋ ಹೈದರಾಬಾದಿನಲ್ಲೋ ಕೆಲಸದಲ್ಲಿದ್ದಾರೆ. ಒಂದು ದಿನ ಫೇಸ್‌ಬುಕ್ಕಿನಲ್ಲಿ ಅಪರಿಚಿತನೊಬ್ಬನ ಸ್ನೇಹದ ಕೋರಿಕೆ ಬರುತ್ತದೆ. ಲಂಡನ್ನಿನಲ್ಲಿ ವೈದ್ಯನೆಂದೋ, ಹಡಗಿನ ಕಪ್ತಾನನೆಂದೋ, ಸಮುದ್ರದ ನಡುವೆ ತೈಲಬಾವಿಯ ಎಂಜಿನಿಯರನೆಂದೋ, ಗಡಿಯಲ್ಲಿರುವ ಸೇನಾಧಿಕಾರಿಯೆಂದೋ ಅವನ ಪರಿಚಯ. ಈ ಉದ್ಯೋಗಗಳನ್ನೇ ಏಕೆ ಆರಿಸಿಕೊಳ್ಳುತ್ತಾರೆ ಎಂಬುದನ್ನು ಗಮನಿಸಿ. ಗೌರವವೂ ಸಂಬಳವೂ ಇರುವ ಕೆಲಸ. ಆದರೆ ಎದುರಿಗೆ ಬಂದು ಭೇಟಿಯಾಗಲು ಬಿಡುವಿಲ್ಲದ ಕೆಲಸ. ವಾಯುಸೇನೆಯ ನೆಲೆಯಿರುವ ನಮ್ಮ ಬೀದರಿನಲ್ಲಿ ಸಮವಸ್ತ್ರಕ್ಕೆ ಜನ ಸಹಜವಾಗಿಯೇ ಗೌರವ ಕೊಡುತ್ತಾರೆ. ಆ ಗೌರವವೇ ಕಳ್ಳನಿಗೆ ಬಂಡವಾಳ.

ಎರಡನೆಯ ಹಂತ ವಿಶ್ವಾಸ ಬೆಳೆಸುವುದು. ಬೆಳಗಾದರೆ ಶುಭೋದಯ, ರಾತ್ರಿಯಾದರೆ ‘ಊಟ ಆಯ್ತೇನ್ರೀ?’ ಮನೆಯಲ್ಲಿ ಯಾರೂ ಕೇಳದ ಮಾತನ್ನು ಅವನು ಕೇಳುತ್ತಾನೆ. ಹೆಂಡತಿ ತೀರಿಹೋದಳೆಂದೂ, ಒಬ್ಬಳೇ ಮಗಳೆಂದೂ ತನ್ನ ಕಥೆ ಹೇಳುತ್ತಾನೆ. ವಾರಗಳು, ತಿಂಗಳುಗಳು ಹೀಗೆ ಕಳೆಯುತ್ತವೆ. ಈ ಅವಧಿಯಲ್ಲಿ ಒಂದು ಕಾಸನ್ನೂ ಕೇಳುವುದಿಲ್ಲ. ಅತಿ ವಿನಯಂ ಧೂರ್ತ ಲಕ್ಷಣಂ ಎಂಬ ಹಿರಿಯರ ಮಾತು ನೆನಪಿಗೆ ಬರಬೇಕಾದುದು ಇಲ್ಲಿಯೇ. ಆದರೆ ಒಂಟಿತನದಲ್ಲಿರುವವರಿಗೆ ಅದು ವಿನಯವಾಗಿ ಕಾಣುವುದಿಲ್ಲ, ಅಕ್ಕರೆಯಾಗಿ ಕಾಣುತ್ತದೆ. ಇದೇ ಹೊತ್ತಿನಲ್ಲಿ ಅವನು ‘ನಮ್ಮಿಬ್ಬರ ಮಾತು ಮನೆಯವರಿಗೆ ಈಗಲೇ ಬೇಡ’ ಎಂದು ಗುಟ್ಟಿನ ಬೇಲಿಯನ್ನೂ ಹಾಕುತ್ತಾನೆ.

ಮೂರನೆಯ ಹಂತದಲ್ಲಿ ಕಷ್ಟ ಎದುರಾಗುತ್ತದೆ. ಮಗಳಿಗೆ ಶಸ್ತ್ರಚಿಕಿತ್ಸೆ, ಬ್ಯಾಂಕಿನ ಖಾತೆ ತಡೆಯಾಗಿದೆ, ಇಲ್ಲವೇ ನಿಮಗೆಂದು ಕಳಿಸಿದ ಉಡುಗೊರೆ ದೆಹಲಿಯ ವಿಮಾನ ನಿಲ್ದಾಣದಲ್ಲಿ ಸುಂಕದವರ ಕೈಯಲ್ಲಿ ಸಿಕ್ಕಿದೆ. ಆಗ ‘ಸುಂಕದ ಕಚೇರಿ’ಯಿಂದ ಫೋನು ಬರುತ್ತದೆ: ಪೆಟ್ಟಿಗೆಯಲ್ಲಿ ಚಿನ್ನವಿದೆ, ವಿದೇಶಿ ಹಣವಿದೆ, ಮೂವತ್ತೈದು ಸಾವಿರ ಕಟ್ಟಿ ಬಿಡಿಸಿಕೊಳ್ಳಿ. ಕಟ್ಟಿದರೆ ದಂಡ, ದಂಡ ಕಟ್ಟಿದರೆ ಪ್ರಮಾಣಪತ್ರದ ಶುಲ್ಕ. ನಾಲ್ಕನೆಯ ಹಂತದಲ್ಲಿ ಬೆದರಿಕೆ: ಕಟ್ಟದಿದ್ದರೆ ನಿಮ್ಮ ಮೇಲೆಯೇ ಮೊಕದ್ದಮೆ.

ಈ ಸುಂಕದ ಕಥೆಯನ್ನು ಒಡೆಯಲು ಮೂರು ಸಂಗತಿ ತಿಳಿದಿದ್ದರೆ ಸಾಕು. ಸುಂಕದ ಇಲಾಖೆಯವರು ಯಾವನೋ ಒಬ್ಬನ ಸ್ವಂತ ಖಾತೆಗೆ ಸುಂಕ ಕಟ್ಟಿಸಿಕೊಳ್ಳುವ ಪದ್ಧತಿಯೇ ಇಲ್ಲ. ೨೦೧೯ರ ನವೆಂಬರಿನಿಂದ ಆ ಇಲಾಖೆ ಕಳಿಸುವ ಪತ್ರಗಳ ಮೇಲೆ ‘ಡಿನ್’ ಎಂಬ ಗುರುತುಸಂಖ್ಯೆ ಇರಬೇಕೆಂಬ ನಿಯಮ ಬಂದಿದೆ; ಆ ಸಂಖ್ಯೆ ದಿಟವೋ ಅಲ್ಲವೋ ಎಂಬುದನ್ನು ಇಲಾಖೆಯ ಅಂತರ್ಜಾಲ ತಾಣದಲ್ಲಿ ಯಾರಾದರೂ ಪರೀಕ್ಷಿಸಬಹುದು. ಇನ್ನು ಪ್ರಿಯತಮನೇ ವಿದೇಶಿ ಹಣದೊಂದಿಗೆ ಬಂದು ಸಿಕ್ಕಿಬಿದ್ದಿದ್ದಾನೆ ಎಂಬ ಮಾತು. ಹೊರದೇಶದಿಂದ ಬರುವವರು ಒಟ್ಟು ೧೦,೦೦೦ ಡಾಲರಿಗಿಂತಲೋ, ನೋಟುಗಳಲ್ಲಿ ೫,೦೦೦ ಡಾಲರಿಗಿಂತಲೋ ಹೆಚ್ಚು ತಂದರೆ ನಿಲ್ದಾಣದಲ್ಲಿ ಘೋಷಣೆ ಬರೆದುಕೊಡಬೇಕೆಂಬುದು ನಿಯಮ. ಅದನ್ನು ಬರೆದುಕೊಡಬೇಕಾದವನು ತಂದವನು. ಭಾಲ್ಕಿಯಲ್ಲಿ ಮನೆಯೊಳಗೆ ಕುಳಿತವರಿಗೂ ಅದಕ್ಕೂ ಯಾವ ಸಂಬಂಧವೂ ಇಲ್ಲ.

ಹೆಂಗಸರು ಮಾತ್ರ ಮೋಸಹೋಗುತ್ತಾರೆ ಎಂದು ಗಂಡಸರು ಮೀಸೆ ತಿರುವುವಂತಿಲ್ಲ. ಔರಾದದ ಅಂಗಡಿಯಲ್ಲಿ ಕುಳಿತ ಯುವಕನಿಗೂ, ಬೀದರಿನಲ್ಲಿ ಪಿಂಚಣಿ ಪಡೆಯುವ ಹಿರಿಯರಿಗೂ ಬೇರೆ ಬಲೆಗಳಿವೆ. ಒಂದು ಬಲೆ ಹೀಗೆ: ಚೆಲುವೆಯೊಬ್ಬಳ ಹೆಸರಿನಲ್ಲಿ ರಾತ್ರಿ ವೀಡಿಯೋ ಕರೆ ಬರುತ್ತದೆ, ನಾಚಿಕೆಗೆಟ್ಟ ದೃಶ್ಯವೊಂದನ್ನು ತೋರಿಸಿ, ನೋಡುತ್ತಿರುವವನ ಮುಖವನ್ನು ಚಿತ್ರೀಕರಿಸಿಕೊಳ್ಳುತ್ತಾರೆ, ಮಾರನೆಯ ದಿನ ‘ನಿನ್ನ ಬಂಧುಗಳಿಗೆಲ್ಲ ಕಳಿಸುತ್ತೇವೆ’ ಎಂಬ ಬೆದರಿಕೆ. ಆಮೇಲೆ ‘ದೆಹಲಿ ಪೊಲೀಸ್’ ಎಂದು ಇನ್ನೊಬ್ಬ ಗದರಿಸುತ್ತಾನೆ. ಇಂಥ ಸಂದರ್ಭದಲ್ಲಿ ಹಣ ಕೊಟ್ಟವನನ್ನು ಅವರು ಬಿಡುವುದಿಲ್ಲ. ಕೊಡುವ ಕೈ ಎಂದು ತಿಳಿದು ಮತ್ತೆ ಕೇಳುತ್ತಾರೆ. ‘ಡಿಜಿಟಲ್ ಅರೆಸ್ಟ್’ ಎಂದು ಫೋನಿನಲ್ಲಿಯೇ ಬಂಧಿಸಿ ಕೂಡಿಸುವ ವ್ಯವಸ್ಥೆ ನಮ್ಮ ಕಾನೂನಿನಲ್ಲಿ ಇಲ್ಲವೇ ಇಲ್ಲ. ೨೦೨೪ರ ಅಕ್ಟೋಬರ್ ೨೭ರ ‘ಮನ್ ಕಿ ಬಾತ್’ ಕಾರ್ಯಕ್ರಮದಲ್ಲಿ ಪ್ರಧಾನಮಂತ್ರಿಗಳು ಇದನ್ನೇ ಹೇಳಿದುದನ್ನು ರೇಡಿಯೋ ಕೇಳುವ ಮನೆಗಳವರು ಮರೆತಿರಲಾರರು.

ಇನ್ನೊಂದು ಬಲೆ ಲಾಭದ್ದು. ‘ತಪ್ಪಿ ನಿಮ್ಮ ನಂಬರಿಗೆ ಬಂತು, ಕ್ಷಮಿಸಿ’ ಎಂದು ಶುರುವಾದ ಮಾತು ಸ್ನೇಹವಾಗುತ್ತದೆ, ಸ್ನೇಹ ಒಲವಾಗುತ್ತದೆ. ಆಮೇಲೆ ಅವಳು ‘ನಮ್ಮ ಭವಿಷ್ಯಕ್ಕಾಗಿ’ ಎಂದು ಷೇರಿನದೋ ಕ್ರಿಪ್ಟೋ ನಾಣ್ಯದ್ದೋ ಒಂದು ಆ್ಯಪನ್ನು ತೋರಿಸುತ್ತಾಳೆ. ಹತ್ತು ಸಾವಿರ ಹಾಕಿದರೆ ಹದಿನೈದಾಗಿ ಕಾಣುತ್ತದೆ. ಒಂದೆರಡು ಸಲ ಸ್ವಲ್ಪ ಹಣ ಕೈಗೂ ಬರುತ್ತದೆ. ಹೊಲ ಅಡವಿಟ್ಟು ಹತ್ತು ಲಕ್ಷ ಹಾಕಿದ ದಿನ ಆ್ಯಪೂ ಇಲ್ಲ, ಅವಳೂ ಇಲ್ಲ. ಚೀನೀಯರಲ್ಲಿ ಇದಕ್ಕೆ ಹಂದಿಯನ್ನು ಕೊಬ್ಬಿಸಿ ಕೊಯ್ಯುವುದು ಎಂಬ ಅರ್ಥದ ಹೆಸರೇ ಇದೆ. ಹೆಸರು ಒರಟು, ಆದರೆ ಕೆಲಸದ ಸ್ವರೂಪವನ್ನು ಸರಿಯಾಗಿ ತಿಳಿಸುತ್ತದೆ.

ಆ ಸಿಹಿಮಾತುಗಳನ್ನು ಬರೆಯುವವರು ಯಾರೆಂಬುದನ್ನೂ ತಿಳಿಯುವುದು ಒಳ್ಳೆಯದು. ಮಯನ್ಮಾರ್ ಮತ್ತು ಕಾಂಬೋಡಿಯ ದೇಶಗಳಲ್ಲಿ ಬೇಲಿ ಹಾಕಿದ ದೊಡ್ಡ ಆವರಣಗಳಲ್ಲಿ ಜನರನ್ನು ಕೂಡಿಹಾಕಿ ಈ ಕೆಲಸ ಮಾಡಿಸಲಾಗುತ್ತಿದೆ. ೨೦೨೩ರ ಆಗಸ್ಟಿನಲ್ಲಿ ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಕಚೇರಿ ಪ್ರಕಟಿಸಿದ ವರದಿಯ ಪ್ರಕಾರ ಹೀಗೆ ಬಲವಂತಕ್ಕೆ ಸಿಕ್ಕಿದವರು ಮಯನ್ಮಾರಿನಲ್ಲಿ ೧,೨೦,೦೦೦ಕ್ಕೆ ಕಡಿಮೆಯಿಲ್ಲದಂತೆ, ಕಾಂಬೋಡಿಯದಲ್ಲಿ ಸುಮಾರು ೧,೦೦,೦೦೦ ಮಂದಿ ಇರಬಹುದು. ಒಳ್ಳೆಯ ನೌಕರಿಯ ಆಸೆಗೆ ಹೋಗಿ ಅಲ್ಲಿ ಸಿಕ್ಕಿಬಿದ್ದ ೫೪೯ ಮಂದಿ ಭಾರತೀಯರನ್ನು ೨೦೨೫ರ ಮಾರ್ಚ್ ತಿಂಗಳಲ್ಲಿ ನಮ್ಮ ಸರಕಾರವು ವಾಯುಸೇನೆಯ ವಿಮಾನಗಳಲ್ಲಿ ಥೈಲ್ಯಾಂಡಿನಿಂದ ಕರೆತಂದಿತು. ಆದುದರಿಂದ ಒಂದು ಕಡೆ ಪ್ರೀತಿಗೆ ಮೋಸಹೋದವರು, ಇನ್ನೊಂದು ಕಡೆ ಹೊಡೆತಕ್ಕೆ ಹೆದರಿ ಪ್ರೀತಿಯ ಮಾತು ಬರೆಯುವವರು. ನಡುವೆ ಲಾಭ ಎಣಿಸುವವನು ಮೂರನೆಯವನು. ಹೊರದೇಶದ ನೌಕರಿ ಎಂದು ಹೊರಟಿರುವ ಹುಡುಗರು ನಿಮ್ಮ ಮನೆಯಲ್ಲಿದ್ದರೆ ಅವರಿಗೂ ಈ ಮಾತು ತಿಳಿಸಿರಿ.

ಇದು ಅಲ್ಪರ ಮೋಸವೆಂದೂ, ಓದದವರ ಪಾಡೆಂದೂ ಭಾವಿಸಕೂಡದು. ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ನಿಗೆ ೨೦೨೨ನೆಯ ಇಸವಿಯೊಂದರಲ್ಲಿಯೇ ಸುಮಾರು ೭೦,೦೦೦ ಜನರು ಪ್ರೇಮವಂಚನೆಯ ದೂರು ಕೊಟ್ಟರು. ಅವರು ಕಳೆದುಕೊಂಡ ಹಣ ೧೩೦ ಕೋಟಿ ಡಾಲರು. ನಮ್ಮ ರಾಜ್ಯದ ಸಂಗತಿಯನ್ನೇ ನೋಡಿ. ೨೦೨೩ರ ಜುಲೈಯಲ್ಲಿ ಮೈಸೂರಿನ ಪೊಲೀಸರು ಬೆಂಗಳೂರಿನ ಮೂವತ್ತೈದರ ವಯಸ್ಸಿನವನೊಬ್ಬನನ್ನು ಬಂಧಿಸಿದರು. ವಿವಾಹ ತಾಣಗಳಲ್ಲಿ ವೈದ್ಯನೆಂದೂ ಎಂಜಿನಿಯರನೆಂದೂ ಹೇಳಿಕೊಂಡು ೨೦೧೪ರಿಂದ ಸುಮಾರು ಹದಿನೈದು ಮಂದಿಯನ್ನು ಮದುವೆಯಾಗಿ ಹಣ, ಒಡವೆ ಲಪಟಾಯಿಸಿದನೆಂಬುದು ಪೊಲೀಸರ ಆರೋಪ. ದೂರು ಕೊಟ್ಟವರು ಸಾಫ್ಟ್‌ವೇರ್ ವೃತ್ತಿಯ ವಿದ್ಯಾವಂತೆ. ಮೋಸಹೋದವರಲ್ಲಿ ಹೆಚ್ಚಿನವರು ಮಾನಕ್ಕೆ ಅಂಜಿ ಬಾಯಿ ಬಿಟ್ಟಿರಲಿಲ್ಲ. ಮೊದಲನೆಯವರು ಬಾಯಿ ಬಿಟ್ಟಿದ್ದರೆ ಹದಿನೈದನೆಯವರು ಉಳಿಯುತ್ತಿದ್ದರಲ್ಲವೆ?

‘ನೂರು ಸುಳ್ಳು ಹೇಳಿ ಒಂದು ಮದುವೆ ಮಾಡು’ ಎಂಬ ಗಾದೆ ನಮ್ಮಲ್ಲಿ ಇದ್ದೇ ಇದೆ. ಗಾದೆ ಹುಟ್ಟಿದ ಕಾಲದಲ್ಲಿ ಆ ಸುಳ್ಳುಗಳನ್ನು ಹಿಡಿಯುವ ಉಪಾಯವೂ ಇತ್ತು. ಸೋದರಮಾವನೋ ಕಾಕಾನೋ ಬಸ್ಸು ಹತ್ತಿ ವರನ ಊರಿಗೆ ಹೋಗಿ, ಕಿರಾಣಿ ಅಂಗಡಿಯಲ್ಲಿ ಚಹಾದ ನೆಪದಲ್ಲಿ ಕುಳಿತು, ಹುಡುಗನ ನಡತೆ, ಸಾಲ, ಕುಡಿತ ಎಲ್ಲವನ್ನೂ ವಿಚಾರಿಸಿಕೊಂಡು ಬರುತ್ತಿದ್ದರು. ಅಂತರ್ಜಾಲದ ಸಂಬಂಧದಲ್ಲಿ ಬಿಟ್ಟುಹೋದದ್ದು ಈ ಪ್ರಯಾಣ. ವಿವಾಹ ತಾಣಗಳು ಸದಸ್ಯರ ಗುರುತಿನ ಪತ್ರ ಪಡೆಯಬೇಕು, ದೂರು ಕೇಳುವ ಅಧಿಕಾರಿಯನ್ನು ಇಡಬೇಕು ಎಂದು ೨೦೧೬ರ ಜೂನಿನಲ್ಲಿ ಕೇಂದ್ರ ಸರಕಾರ ಸೂಚನೆ ಹೊರಡಿಸಿದೆ. ಆದರೂ ತಾಣದವರು ಪರಿಚಯ ಮಾಡಿಕೊಡುವವರೇ ಹೊರತು ಜಾಮೀನುದಾರರಲ್ಲ. ಊರಿಗೆ ಹೋಗಿ ನೋಡಿಬರುವ ಕೆಲಸ ಈಗಲೂ ನಮ್ಮದೇ.

ಹಿಂದೆ ಕೆಲವರು, ‘ಭಾಷೆಯ ತಪ್ಪು ನೋಡಿದರೆ ಕಳ್ಳ ಸಿಕ್ಕುತ್ತಾನೆ’ ಎನ್ನುತ್ತಿದ್ದರು. ಕನ್ನಡ ಕಲಿಸುವ ನಮ್ಮಂಥವರಿಗೆ ಆ ಮಾತು ಹಿತವಾಗಿಯೇ ಇತ್ತು. ಈಗ ಅದು ನಡೆಯದು. ಕೃತಕ ಬುದ್ಧಿಮತ್ತೆಯ ಯಂತ್ರಗಳು ವಿಭಕ್ತಿಪ್ರತ್ಯಯ ತಪ್ಪದೆ ಕನ್ನಡದಲ್ಲಿ ಓಲೆ ಬರೆದುಕೊಡುತ್ತವೆ. ಮುಖ ನೋಡಿದೆವಲ್ಲ ಎಂಬ ಧೈರ್ಯವೂ ಸಲ್ಲದು. ೨೦೨೪ರ ಅಕ್ಟೋಬರಿನಲ್ಲಿ ಹಾಂಗ್‌ಕಾಂಗಿನ ಪೊಲೀಸರು ೨೭ ಮಂದಿಯ ಒಂದು ತಂಡವನ್ನು ಹಿಡಿದರು. ವೀಡಿಯೋ ಕರೆಯಲ್ಲಿ ತಮ್ಮ ಮುಖಕ್ಕೆ ಬದಲು ಯಂತ್ರ ಕಟ್ಟಿಕೊಟ್ಟ ಹೆಣ್ಣಿನ ಮುಖವನ್ನು ತೋರಿಸಿ ಅವರು ಗಂಡಸರಿಂದ ಸುಮಾರು ೪.೬ ಕೋಟಿ ಡಾಲರು ಕಿತ್ತಿದ್ದರು. ಫೋಟೋ, ದನಿ, ಚಲಿಸುವ ಮುಖ ಇವೆಲ್ಲ ಈಗ ಮುದ್ರೆಯ ಸಾಲಿಗೆ ಸೇರಿವೆ.

ಹಾಗಾದರೆ ಪರೀಕ್ಷೆ ಹೇಗೆ? ರಾಮಾಯಣದಲ್ಲಿ ಇದಕ್ಕೊಂದು ಪಾಠವಿದೆ. ಸನ್ಯಾಸಿಯ ವೇಷ ನಂಬಿ ಒಮ್ಮೆ ಕಷ್ಟಕ್ಕೆ ಸಿಕ್ಕಿದ ಸೀತಾದೇವಿಯು ಅಶೋಕವನದಲ್ಲಿ ಹನುಮಂತನನ್ನು ಕಂಡಾಗ ಒಡನೆಯೇ ನಂಬಲಿಲ್ಲ. ಇವನೂ ರಾವಣನೇ ಇರಬಹುದೆಂದು ಶಂಕಿಸಿದಳು. ರಾಮಲಕ್ಷ್ಮಣರ ಗುರುತುಗಳನ್ನು ಹೇಳೆಂದಳು. ಹನುಮಂತನು ಅದಕ್ಕೆ ಮುನಿಯಲಿಲ್ಲ. ಕೇಳಿದುದಕ್ಕೆಲ್ಲ ಉತ್ತರ ಕೊಟ್ಟು ಆಮೇಲೆ ಉಂಗುರವನ್ನು ಒಪ್ಪಿಸಿದನು. ನಿಜವಾದವನು ಪರೀಕ್ಷೆಗೆ ಅಂಜುವುದಿಲ್ಲ, ಸಿಟ್ಟಾಗುವುದಿಲ್ಲ. ‘ನನ್ನ ಮೇಲೆ ನಂಬಿಕೆ ಇಲ್ಲವೇ?’ ಎಂದು ಮುನಿಸು ತೋರಿಸಿ ಪ್ರಶ್ನೆಯನ್ನು ತಪ್ಪಿಸುವವನನ್ನು ಅಲ್ಲಿಗೇ ಬಿಡತಕ್ಕದ್ದು.

ಮನೆಯಲ್ಲಿ ಮಾಡಬಹುದಾದ ಪರೀಕ್ಷೆಗಳು ಇವು. ಅವನ ಫೋಟೋವನ್ನು ಗೂಗಲ್ ಲೆನ್ಸಿನಂಥ ಸಾಧನದಲ್ಲಿ ಹಾಕಿ ಹುಡುಕಿದರೆ ಅದೇ ಮುಖ ಬೇರೆ ಹೆಸರಿನಲ್ಲಿ ಸಿಕ್ಕುವುದುಂಟು. ಸಿಕ್ಕದಿದ್ದ ಮಾತ್ರಕ್ಕೆ ಅವನು ದಿಟವೆಂದು ಅರ್ಥವಲ್ಲ. ಅವನು ಕೆಲಸ ಮಾಡುವೆನೆಂಬ ಆಸ್ಪತ್ರೆ ಅಥವಾ ಕಚೇರಿಯ ನಂಬರನ್ನು ನೀವೇ ಹುಡುಕಿ ಕರೆ ಮಾಡಿ. ಅವನು ಕೊಟ್ಟ ನಂಬರಿಗೆ ಮಾಡಿದರೆ ಅವನ ಜೊತೆಗಾರನೇ ಎತ್ತುತ್ತಾನೆ. ಭೇಟಿಯನ್ನು ಹಗಲಿನಲ್ಲಿ, ಜನವಿರುವ ಸ್ಥಳದಲ್ಲಿ, ಮನೆಯವರೊಬ್ಬರ ಸಂಗಡ ಇಟ್ಟುಕೊಳ್ಳಿ. ಒಟಿಪಿ, ಯುಪಿಐ ಪಿನ್ ಯಾರಿಗೂ ಹೇಳಕೂಡದು; ಹಣ ಪಡೆಯುವುದಕ್ಕೆ ಪಿನ್ ಒತ್ತುವ ಅಗತ್ಯವೇ ಇಲ್ಲವೆಂಬುದನ್ನು ಮಕ್ಕಳಿಗೂ ಮುದುಕರಿಗೂ ಹೇಳಿಕೊಡಿ. ಫೋನಿನ ಪರದೆಯನ್ನು ದೂರದಿಂದ ನೋಡುವ ಆ್ಯಪನ್ನು ಯಾರು ಹೇಳಿದರೂ ಹಾಕಿಕೊಳ್ಳಬೇಡಿ. ಇವೆಲ್ಲಕ್ಕೂ ಮೇಲಾದ ನಿಯಮ ಒಂದೇ: ಎದುರಿಗೆ ಕಂಡು, ಮನೆತನ ವಿಚಾರಿಸಿಕೊಳ್ಳದವರಿಗೆ ಒಂದು ರೂಪಾಯಿಯನ್ನೂ ಕಳಿಸಕೂಡದು.

ಅಷ್ಟಾಗಿಯೂ ಹಣ ಹೋದರೆ? ಕೆಟ್ಟ ಮೇಲೆ ಬುದ್ಧಿ ಬಂತು ಎಂದು ಹಣೆ ಚಚ್ಚಿಕೊಳ್ಳುತ್ತ ಕೂಡುವ ಹೊತ್ತು ಅದಲ್ಲ. ೧೯೩೦, ಅಂದರೆ ಒಂದು, ಒಂಬತ್ತು, ಮೂರು, ಸೊನ್ನೆ, ಈ ನಂಬರಿಗೆ ಆ ಕ್ಷಣವೇ ಫೋನು ಮಾಡಿ. ಇದು ಕೇಂದ್ರ ಗೃಹ ಇಲಾಖೆಯ ಸಹಾಯವಾಣಿ. ಕಳ್ಳನ ಖಾತೆಗೆ ಬಿದ್ದ ಹಣ ಅಲ್ಲಿಂದ ಎರಡನೆಯ, ಮೂರನೆಯ ಖಾತೆಗೆ ನಿಮಿಷಗಳಲ್ಲಿ ಹರಿದುಹೋಗುತ್ತದೆ. ನೀವು ಬೇಗ ತಿಳಿಸಿದರೆ ಬ್ಯಾಂಕುಗಳು ಅದನ್ನು ನಡುವೆಯೇ ತಡೆಹಿಡಿಯಬಲ್ಲವು. ಹರಿಯುವ ನೀರಿಗೆ ಒಡ್ಡು ಕಟ್ಟಿದಂತೆ. ನೀರು ಹೋದ ಮೇಲೆ ಒಡ್ಡಿನಿಂದ ಪ್ರಯೋಜನವಿಲ್ಲ. ಸೈಬರ್‌ಕ್ರೈಮ್ ಡಾಟ್ ಗೌ ಡಾಟ್ ಇನ್ ಎಂಬ ತಾಣದಲ್ಲಿಯೂ ದೂರು ದಾಖಲಿಸಬಹುದು. ನೀವೇ ಪಿನ್ ಒತ್ತಿ ಕಳಿಸಿದ ಹಣವನ್ನು ಬ್ಯಾಂಕಿನಿಂದ ಭರ್ತಿ ಮಾಡಿಸಿಕೊಳ್ಳುವುದು ಬಹಳ ಕಷ್ಟ. ಆದಕಾರಣ ತಡೆಹಿಡಿಯುವ ಈ ಯತ್ನಕ್ಕೆ ಇಷ್ಟು ಮಹತ್ವ.

ಸೈಬರ್ ಅಪರಾಧಗಳನ್ನು ನೋಡಿಕೊಳ್ಳುವ ಸೆನ್ ಪೊಲೀಸ್ ಠಾಣೆ ಬೀದರಿನಲ್ಲಿದೆ. ಔರಾದದವರೂ ಭಾಲ್ಕಿಯವರೂ ನಲವತ್ತು ಕಿಲೋಮೀಟರ್ ದೂರವೆಂದು ದೂರನ್ನು ಮುಂದೂಡಬೇಕಾಗಿಲ್ಲ. ೨೦೨೪ರ ಜುಲೈ ೧ರಿಂದ ಜಾರಿಗೆ ಬಂದ ನಾಗರಿಕ ಸುರಕ್ಷಾ ಸಂಹಿತೆಯ ೧೭೩ನೆಯ ಕಲಮಿನಂತೆ ಅಪರಾಧ ಎಲ್ಲಿಯೇ ನಡೆದಿರಲಿ, ಹತ್ತಿರದ ಠಾಣೆಯಲ್ಲಿ ದೂರು ಕೊಡಬಹುದು. ವಿದ್ಯುನ್ಮಾನ ಮಾರ್ಗವಾಗಿ ಕಳಿಸಿ ಮೂರು ದಿನದೊಳಗೆ ಸಹಿ ಮಾಡಿಯೂ ಕೊಡಬಹುದು. ಸಂದೇಶಗಳನ್ನು ನಾಚಿಕೆಯಿಂದ ಅಳಿಸಿಹಾಕಬೇಡಿ, ಅವೇ ಸಾಕ್ಷ್ಯ. ಕಳೆದ ಹಣವನ್ನು ಮರಳಿ ಕೊಡಿಸುತ್ತೇವೆ, ಶುಲ್ಕ ಕಟ್ಟಿ ಎಂದು ಆಮೇಲೆ ಬರುವವರೂ ಅದೇ ಕಳ್ಳರ ಬಳಗವೆಂದು ತಿಳಿಯಿರಿ.

ಮೋಸಗಾರನಿಗೆ ‘ಚಾರ್ ಸೌ ಬೀಸ್’ ಎನ್ನುವುದು ನಮ್ಮ ಕಡೆಯ ರೂಢಿ. ಆ ಹೆಸರು ೧೮೬೦ರ ದಂಡಸಂಹಿತೆಯ ೪೨೦ನೆಯ ಕಲಮಿನಿಂದ ಬಂದದ್ದು. ಆ ಸಂಹಿತೆ ಹೋಗಿ ಭಾರತೀಯ ನ್ಯಾಯ ಸಂಹಿತೆ ಬಂದಿದೆ. ಈಗ ವಂಚನೆ ೩೧೮ನೆಯ ಕಲಮು. ಬೇರೊಬ್ಬನ ವೇಷದಲ್ಲಿ ವಂಚಿಸುವುದು ೩೧೯ನೆಯ ಕಲಮು. ಕಂಪ್ಯೂಟರು, ಫೋನುಗಳ ಮೂಲಕ ವೇಷಾಂತರದಿಂದ ವಂಚಿಸಿದರೆ ೨೦೦೦ದ ಮಾಹಿತಿ ತಂತ್ರಜ್ಞಾನ ಕಾಯಿದೆಯ ೬೬-ಡಿ ಕಲಮಿನಂತೆ ಮೂರು ವರ್ಷದವರೆಗೆ ಸೆರೆ, ಒಂದು ಲಕ್ಷದವರೆಗೆ ದಂಡ. ಕಾಲೇಜಿನ ಹುಡುಗರು ಇನ್ನೊಂದು ಮಾತನ್ನು ಕೇಳಬೇಕು. ‘ನಿನ್ನ ಪಾಸ್‌ಬುಕ್ಕು, ಎಟಿಎಂ ಕಾರ್ಡು ಕೊಡು, ಐದು ಸಾವಿರ ಕೊಡುತ್ತೇನೆ’ ಎಂದು ಯಾರಾದರೂ ಕೇಳಿದರೆ, ಮೋಸದ ಹಣ ಹರಿಯುವುದಕ್ಕೆ ನಿಮ್ಮ ಖಾತೆಯನ್ನು ಕಾಲುವೆ ಮಾಡುತ್ತಿದ್ದಾರೆಂದು ತಿಳಿಯಿರಿ. ಪೊಲೀಸರು ಮೊದಲು ತಟ್ಟುವ ಬಾಗಿಲು ಖಾತೆದಾರನದೇ.

ಕೊನೆಯದಾಗಿ ಮನೆಯವರಿಗೆ ಒಂದು ಮಾತು. ಇಂಥ ವಂಚನೆಯಲ್ಲಿ ಹೋದ ಹಣಕ್ಕಿಂತ ಹೆಚ್ಚಾಗಿ ಮನುಷ್ಯನನ್ನು ಕೊಲ್ಲುವುದು ನಾಚಿಕೆ. ಮಾನಕ್ಕೆ ಅಂಜಿ ಜೀವವನ್ನೇ ಕಳೆದುಕೊಂಡವರುಂಟು. ತಾಯಿಯೋ ಅಕ್ಕನೋ ಮಗನೋ ಬಂದು ‘ಹೀಗಾಯಿತು’ ಎಂದರೆ, ‘ಈ ವಯಸ್ಸಿನಲ್ಲಿ ನಿನಗೇನು ಬಂದಿತ್ತು?’ ಎಂಬ ಪ್ರಶ್ನೆ ಬಾಯಿಂದ ಬರಬಾರದು. ಅವರು ಮಾಡಿದುದು ನಂಬಿದ್ದು. ಅಪರಾಧ ಮಾಡಿದವನು ಇನ್ನೊಬ್ಬ. ‘ಆಗಲಿ, ಫೋನು ತಗೋ, ೧೯೩೦ಕ್ಕೆ ಹಚ್ಚು’ ಎನ್ನಿ. ಮನಸ್ಸು ಬಹಳ ಕುಗ್ಗಿದ್ದರೆ ೧೪೪೧೬ ಎಂಬ ಟೆಲಿ ಮಾನಸ್ ಸಹಾಯವಾಣಿಯಲ್ಲಿ ಹಗಲುರಾತ್ರಿ ಮಾತನಾಡಬಹುದು. ಹೆಣ್ಣುಮಕ್ಕಳಿಗೆ ೧೮೧ ಇದೆ. ಗುಟ್ಟಿನ ಚಿತ್ರ ಹೊರಬಿದ್ದಿದ್ದರೆ ಆಯಾ ಕಂಪನಿಗೆ ದೂರು ಕೊಟ್ಟು ತೆಗೆಸುವ ಹಕ್ಕು ನಮಗಿದೆ.

ಕಳ್ಳನು ಹೊಂಚುವುದು ಹಣವಿರುವ ಮನೆಯನ್ನಷ್ಟೇ ಅಲ್ಲ, ಮಾತಿಲ್ಲದ ಮನೆಯನ್ನು. ಪುಣೆಯಲ್ಲಿರುವ ಮಗ ದಿನಕ್ಕೊಮ್ಮೆ ಭಾಲ್ಕಿಯ ತಾಯಿಗೆ ಫೋನು ಮಾಡಿ ‘ಊಟ ಮಾಡಿದ್ಯಾ ಅವ್ವಾ?’ ಎಂದು ಕೇಳುತ್ತಿದ್ದರೆ, ಅದೇ ಮಾತನ್ನು ಕೇಳಿ ಮನೆ ಹೊಗುವ ಅಪರಿಚಿತನಿಗೆ ಬಾಗಿಲು ಅರ್ಧ ಮುಚ್ಚಿದಂತೆಯೇ. ಉಳಿದರ್ಧವನ್ನು ವಿಚಾರಣೆ ಮುಚ್ಚುತ್ತದೆ.